ಅಜ್ಜಿ ಹಾಕಿದ ಗಂಟುಗಳು

"ಚಿಲಕ ತೆಗೀತೀಯೋ, ಬಾಗಿಲು ಒಡೆಸಲೋ?" ಎಂದು ಅಜ್ಜಿಯ ಮಗಳು ಬಚ್ಚಲುಮನೆಯ ಬಾಗಿಲನ್ನು ನಾಲ್ಕನೆಯ ಸಲ ಬಡಿದಳು.

"ಒಡೆಸು. ಅಜ್ಜೀನ ಎಲ್ಲಿಗೂ ಕರ್ಕೊಂಡು ಹೋಗಲ್ಲ ಅಂತ ಹೇಳೋ ತನಕ ನಾನು ಬರಲ್ಲ," ಎಂದಿತು ಒಳಗಿನಿಂದ ಏಳು ವರ್ಷದ ದನಿ.

ಒಳಗಿದ್ದವಳು ಆ ಮಗಳ ಮಗಳು ಸಾಸಿವೆ. ನಿಜವಾದ ಹೆಸರು ಬೇರೆಯೇ ಇತ್ತು. ಮಾತು ಮಾತಿಗೆ ಸಿಡಿಯುತ್ತಾಳೆಂದು ಅಜ್ಜಿ ಇಟ್ಟ ಹೆಸರೇ ಗಟ್ಟಿಯಾಯಿತು. ಆ ಅಜ್ಜಿ ಈಗ ಹೊರಕೋಣೆಯಲ್ಲಿ ಬಿಳಿ ಹೊದಿಕೆಯ ಕೆಳಗೆ, ಇಷ್ಟು ಗಲಾಟೆಗೂ ಎದ್ದು ಬರದೆ ಮಲಗಿದ್ದಳು. ನಿನ್ನೆ ಮಧ್ಯಾಹ್ನ ಪೇಪರು ಓದುತ್ತಾ ಕುಳಿತವಳು ಕುಳಿತಲ್ಲೇ ಹೋಗಿಬಿಟ್ಟಿದ್ದಳು. ಗಾಡಿ ಬಂದು ಗೇಟಿನ ಹತ್ತಿರ ನಿಂತಿತ್ತು. ಹನ್ನೊಂದಕ್ಕೆ ಹೊರಡಬೇಕು. ಹುಡುಗಿಯನ್ನು ರಟ್ಟೆ ಹಿಡಿದು ಎಳೆದು ತಂದರೆ ಅಜ್ಜಿಯ ಕೊನೆಯ ದಿನವೆಂದರೆ ಆ ಎಳೆದಾಟವೇ ಅವಳಿಗೆ ಜೀವನಪೂರ್ತಿ ನೆನಪಿರುತ್ತದೆ. ಇದು ಮಗಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೈ ಬಾಗಿಲು ಬಡಿಯುತ್ತಲೇ ಇತ್ತು.

ಬಂದವರ ಸಲಹೆಗಳಿಗೇನೂ ಬರವಿರಲಿಲ್ಲ. ಚಾಕಲೇಟು ತೋರಿಸು ಎಂದರು ಒಬ್ಬರು, ನಾಲ್ಕು ಬಿಗಿ ಎಂದರು ಇನ್ನೊಬ್ಬರು. ಶಾಲೆಯಿಂದ ನಿವೃತ್ತರಾದ ಆಟದ ಮೇಷ್ಟ್ರು ನಿಟ್ಟುಸಿರು ಬಿಟ್ಟರು.

"ನಿಮ್ಮಮ್ಮ ಇದ್ದಿದ್ರೆ ಎರಡು ನಿಮಿಷದ ಕೆಲಸ ಕಣಮ್ಮ."

"ಅಮ್ಮ ಇದ್ದಿದ್ರೆ ಈ ಕೆಲಸವೇ ಇರ್ತಿರಲಿಲ್ಲ ಮೇಷ್ಟ್ರೇ," ಎಂದಳು ಮಗಳು.

*

ಅಮ್ಮ ಶಾಲೆಯಲ್ಲಿ ಆಟದ ಸಾಮಾನಿನ ಕೋಣೆ ನೋಡಿಕೊಳ್ಳುತ್ತಿದ್ದಳು. ಮೂವತ್ತೊಂದು ವರ್ಷ ಚೆಂಡಿಗೆ ಗಾಳಿ ತುಂಬಿದಳು, ಹರಿದ ಬಲೆ ಹೊಲಿದಳು. ಒಂದು ದಿನ, ಗೆಳೆಯನ ಕೈ ಕಚ್ಚಿದ ಮೂರನೆಯ ತರಗತಿಯ ಹುಡುಗನೊಬ್ಬನನ್ನು ಯಾರೋ ತಂದು ಅಲ್ಲಿ ಕೂರಿಸಿ ಹೋದರು. ಅವನು ಕಪಾಟಿಗೆ ಒದೆಯತೊಡಗಿದ. ಅಮ್ಮ ಸಿಕ್ಕುಬಿದ್ದ ಸ್ಕಿಪ್ಪಿಂಗ್ ಹಗ್ಗಗಳ ರಾಶಿಯ ಜೊತೆ ಗುದ್ದಾಡುತ್ತಿದ್ದಳು. ತಲೆ ಎತ್ತದೆ ಒಂದು ಹಗ್ಗವನ್ನು ಅವನ ಕೈಗೆ ತುರುಕಿದಳು.

"ಇದು ನನ್ನ ಕೈಲಾಗ್ತಿಲ್ಲ. ನೀನು ನೋಡು."

ಯಾಕೆ ಕಚ್ಚಿದೆ ಎಂದು ಕೇಳಲಿಲ್ಲ. ಮೂರನೆಯ ಗಂಟು ಬಿಚ್ಚುವಷ್ಟರಲ್ಲಿ ಹುಡುಗನ ಏದುಸಿರು ನಿಂತಿತು. ಐದನೆಯದಕ್ಕೆ ತಾನಾಗಿಯೇ ಬಾಯಿ ಬಿಟ್ಟ: "ನಮ್ಮಪ್ಪಂಗೆ ಕೆಲಸ ಹೋಯ್ತು ಅಂತ ಅವನು ಎಲ್ರಿಗೂ ಹೇಳ್ದ."

ಅಂದಿನಿಂದ ಸಿಟ್ಟುಗೊಂಡ ಮಕ್ಕಳನ್ನೆಲ್ಲ ಅಲ್ಲಿಗೆ ಕಳಿಸುವುದು ರೂಢಿಯಾಯಿತು. ಅದೇ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿದ್ದ ಮಗಳು ಕಿಟಕಿಯಿಂದ ಇಣುಕಿ ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ಊರಿನ ಮಕ್ಕಳಿಗೆಲ್ಲ ಇಷ್ಟು ತಾಳ್ಮೆ ತೋರುವ ಅಮ್ಮನಿಗೆ ಮನೆಯಲ್ಲಿ ಮೂಗಿನ ತುದಿಯಲ್ಲೇ ಕೋಪ. ಹಾಲು ಉಕ್ಕಿದರೆ ಸಾಕು, ಸೂರು ಹಾರಿಹೋಗುವಂತೆ ಕೂಗುತ್ತಿದ್ದಳು.

*

ಗಾಡಿಯ ಡ್ರೈವರು ಒಳಗೆ ಬಂದ. ಬಾಗಿಲು ತುಂಬುವ ಆಳು, ಪೊದೆ ಮೀಸೆ.

"ಗಡಿಬಿಡಿ ಬೇಡ ಅಕ್ಕ. ತಡ ಆಗುತ್ತೆ ಅಂತ ಅಲ್ಲಿಗೆ ಫೋನ್ ಮಾಡಿದೀನಿ. ಅಮ್ಮೋರ ಹತ್ರ ನಾನೂ ವಾರಕ್ಕೆ ಮೂರು ದಿನ ಗಂಟು ಬಿಚ್ಚಿದೋನೇ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ನೀನು ಆ ಕಚ್ಚೋ ಹುಡುಗ ಅಲ್ವೇನೋ?"

"ಈಗ ಬಿಟ್ಟಿದೀನಿ ಸಾರ್."

ಸಾವಿನ ಮನೆಯೆಂಬುದನ್ನು ಮರೆತು ಇಬ್ಬರು ಮೂವರು ನಕ್ಕರು. ಮೇಷ್ಟ್ರಿಗೆ ಹಳೆಯ ಅನುಮಾನವೊಂದು ನೆನಪಾಯಿತು.

"ಒಂದು ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ಸಂಜೆ ನಾನೇ ನಿಂತು ಹಗ್ಗ ಎಲ್ಲಾ ನೀಟಾಗಿ ಸುತ್ತಿಡಿಸ್ತಿದ್ದೆ. ಬೆಳಗ್ಗೆ ನೋಡಿದ್ರೆ ಗಂಟೋ ಗಂಟು. ಇಲಿ ಕಾಟ ಅಂತ ಬೋನು ಕೂಡ ಇಟ್ಟಿದ್ದೆ."

ಅಜ್ಜಿಯ ತಲೆಯ ಬಳಿ ಕುಳಿತಿದ್ದ ಮಗಳ ಅಪ್ಪ ಮೆಲ್ಲಗೆ ಕೆಮ್ಮಿದ. "ಇಲಿ ನಾನೇ ಮೇಷ್ಟ್ರೇ."

ಎಲ್ಲರೂ ಅವನ ಕಡೆ ತಿರುಗಿದರು.

"ಮಕ್ಕಳಿಗೆ ಗಂಟು ಸಾಲ್ತಿರಲಿಲ್ಲ. ಚೀಲದಲ್ಲಿ ಹಗ್ಗ ತುಂಬ್ಕೊಂಡು ಮನೆಗೆ ತರೋಳು. ಮಗಳು ಆಟಕ್ಕೆ ಹೋದಾಗ ಹಿತ್ತಲಲ್ಲಿ ಕೂತು ಇಬ್ರೂ ಗಂಟು ಹಾಕ್ತಿದ್ವಿ. ಸಡಿಲದ್ದು ನಂದು, ಬಿಗೀದು ಅವಳದು. ಮನೇಲಿ ಕೂಗಾಡಿದ ದಿನ ಇನ್ನೂ ಬಿಗಿ. ಹಾಕಿ ಹಾಕಿ ಅವಳ ಕೋಪಾನೂ ಇಳಿಯೋದು."

"ಅದಕ್ಕೇ ಸಾರ್, ಕೆಲವು ಗಂಟು ಹಲ್ಲಲ್ಲಿ ಕಚ್ಚಿ ಬಿಚ್ಚಬೇಕಾಗ್ತಿತ್ತು," ಎಂದ ಡ್ರೈವರು.

ಈ ಸಲ ಮನೆಯೇ ನಕ್ಕಿತು. ಮಗಳೂ ನಕ್ಕಳು. ನಕ್ಕ ಮೇಲೆ ಹಿತ್ತಲಿಗೆ ಹೋದಳು. ಬಟ್ಟೆ ಒಣಗಿಸುವ ಹಗ್ಗವನ್ನು ಬಿಚ್ಚಿ ತಂದು, ನಾಲ್ಕು ಗಂಟು ಹಾಕಿ, ಬಚ್ಚಲ ಬಾಗಿಲಿನ ಕೆಳಗಿನಿಂದ ಒಳಗೆ ತಳ್ಳಿದಳು.

ಒಂದು ನಿಮಿಷದಲ್ಲಿ ಹಗ್ಗ ವಾಪಸು ಬಂತು.

"ಇದು ನೀನು ಹಾಕಿದ್ದು. ಅಜ್ಜಿ ಎರಡು ಸಲ ಸುತ್ತಿ ಎಳೀತಾಳೆ."

"ನಿನಗೆ ಹೇಗೆ ಗೊತ್ತೇ?"

"ಅಜ್ಜೀನೇ ತೋರಿಸಿದ್ದು. ನಿನಗೆ ಹೇಳಬೇಡ ಅಂದಿದ್ಳು."

ಮಗಳು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಕ್ಕರಿಸಿದಳು.

"ಎಲ್ರಿಗೂ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ನನಗೂ ಕೋಪ ಬಂದಿದೆ ಸಾಸಿವೆ. ಹೇಳದೆ ಕೇಳದೆ ಹೋಗಿಬಿಟ್ಳು ನಮ್ಮಮ್ಮ. ಅವಳನ್ನ ಕಳಿಸೋಕೆ ನನಗೂ ಇಷ್ಟ ಇಲ್ಲ."

ನಿನ್ನೆಯಿಂದ ಬಾರದ ಅಳು ಆಗ ಬಂತು. ಅವಳು ದನಿ ತೆಗೆದು ಅತ್ತಳು. ಸಮಾಧಾನ ಮಾಡಲು ಎದ್ದವರನ್ನು ಅಪ್ಪ ಕೈ ಅಡ್ಡ ಹಿಡಿದು ತಡೆದ.

ಒಳಗೆ ನಲ್ಲಿ ತಿರುಗಿಸಿದ ಸದ್ದು. ನೀರು ಸುರಿದು ನಿಂತಿತು. ಸ್ವಲ್ಪ ಹೊತ್ತಿಗೆ ಚಿಲಕ ಸರಿಯಿತು. ಸಾಸಿವೆ ಹೊಸ್ತಿಲಲ್ಲಿ ನಿಂತಿದ್ದಳು. ಫ್ರಾಕಿನ ಮುಂಭಾಗವೆಲ್ಲ ಒದ್ದೆ. ಎರಡೂ ಕೈಗಳಲ್ಲಿ ಬಚ್ಚಲಿನ ಕೆಂಪು ಮಗ್ಗು, ಕಂಠಮಟ್ಟ ನೀರು. ಯಾಕೆ ಅಳ್ತೀಯ ಎಂದು ಅವಳೂ ಕೇಳಲಿಲ್ಲ.

"ಎದ್ದೇಳು. ಇದನ್ನ ಹಿಡ್ಕೋ. ಒಂದು ಹನಿ ಚೆಲ್ಲಬಾರದು."

"ಎಲ್ಲಿ ತನಕ?"

"ಗಾಡಿ ತನಕ. ಮಾತಾಡಿದ್ರೆ ಚೆಲ್ಲುತ್ತೆ."

ನಾಲ್ವರು ಅಜ್ಜಿಯನ್ನು ಎತ್ತಿಕೊಂಡು ಮುಂದೆ ನಡೆದರು. ಹಿಂದೆ ನಲವತ್ತೆರಡು ವರ್ಷದ ಮಗಳು ಮಗ್ಗಿನ ಮೇಲೇ ಕಣ್ಣಿಟ್ಟು ಅಡಿಗೆ ಅಡಿ ಕೂಡಿಸಿ ಬಂದಳು. ಮೇಷ್ಟ್ರು ಕುರ್ಚಿಗಳನ್ನು ಅತ್ತಿತ್ತ ಎಳೆದು ದಾರಿ ಮಾಡಿಕೊಟ್ಟರು, ಡ್ರೈವರು ಗೇಟಿನ ಎರಡೂ ಬಾಗಿಲುಗಳನ್ನು ಅಗಲಕ್ಕೆ ತೆರೆದು ಹಿಡಿದ. ಸಾಸಿವೆ ತನ್ನಮ್ಮನ ಎದುರಿಗೆ ಹಿಮ್ಮುಖವಾಗಿ ನಡೆಯುತ್ತಾ, ಮಗ್ಗಿನ ಅಡಿಗೆ ತನ್ನ ಎರಡೂ ಅಂಗೈ ಒಡ್ಡಿಕೊಂಡು, ದಾರಿಯನ್ನು ಒಮ್ಮೆಯೂ ನೋಡದೆ ನೀರನ್ನೇ ನೋಡುತ್ತಿದ್ದಳು.