ಲಾರಿ ಕಂಡರೆ ಓಟ

ಚಿಂದಿ ಆಯುತ್ತಲೇ ತಲೆ ನೆರೆತ ಅತ್ತೆಗೂ ಅವಳ ಸೊಸೆಗೂ ನಗರಪಾಲಿಕೆಯವರು ಕೊನೆಗೂ ಕಸ ಎತ್ತುವ ಕೆಲಸ ಕೊಟ್ಟಿದ್ದರು. ಮೊದಲ ದಿನವೇ ಕಸದ ಲಾರಿ ತಪ್ಪಿದರೆ ಕೆಲಸ ಬೇರೆಯವರ ಪಾಲು ಎಂದೂ ಹೇಳಿದ್ದರು.

ಇಬ್ಬರೂ ಹಸಿರು ಕೋಟು ತೊಟ್ಟು ಬೀದಿ ಮೂಲೆಯಲ್ಲಿ ನಿಂತರು. ಲಾರಿಯ ಸದ್ದು ಕೇಳಿದ್ದೇ ತಡ, ಅತ್ತೆಯ ಕಾಲು ಅವಳ ಮಾತು ಕೇಳಲಿಲ್ಲ. ಇಷ್ಟು ಕಾಲ ಆ ಲಾರಿಯವರು ಅವಳ ಚಿಂದಿ ಚೀಲ ಕಿತ್ತುಕೊಂಡು ಅಟ್ಟಿದ್ದರಲ್ಲ! ಕುದುರೆ ನಾಚುವ ಹಾಗೆ ಓಡಿ ತೊಟ್ಟಿಯ ಹಿಂದೆ ಅವಿತಳು.

"ಅತ್ತೇ, ಬನ್ನಿ! ಲಾರಿ ಹೊರಡತ್ತೆ!"

"ನೀನೂ ಬಚ್ಚಿಟ್ಕೊಳ್ಳೇ ಹುಚ್ಚಿ! ಚೀಲ ಕಿತ್ಕೋತಾರೆ!"

"ಯಾವ ಚೀಲ? ನಿಮ್ಮ ಕೈಲಿ ಏನಿದೆ?"

ಅತ್ತೆ ಕೈ ನೋಡಿಕೊಂಡಳು. ಹೊಸ ಕೈಗವಸು ಬಿಟ್ಟರೆ ಏನೂ ಇರಲಿಲ್ಲ.

ಅಷ್ಟರಲ್ಲಿ ಡ್ರೈವರ್ ಇಳಿದು ಬಂದ. ಅವಳನ್ನು ಅಟ್ಟುತ್ತಿದ್ದವನೂ ಅವನೇ.

"ಅಜ್ಜಿ, ನಿಮ್ಮನ್ನ ಅಟ್ಟಿ ಅಟ್ಟಿ ನನ್ನ ಮಂಡಿ ಸವೆದುಹೋಯ್ತು. ಇವತ್ತಾದ್ರೂ ಹತ್ತಿ ಕೂತ್ಕೊಳ್ಳಿ."

"ಹಿಂದೆ ಕಸದ ಜೊತೆ ಕೂರಲ್ಲಪ್ಪ, ಮೊದಲೇ ಹೇಳಿದೀನಿ."

"ಮುಂದೇನೇ ಕೂತ್ಕೊಳ್ಳಿ, ಮಹಾರಾಣಿ!"

ಅತ್ತೆ ಕಿಟಕಿಯ ಪಕ್ಕ ಕೂತಳು. ಮುಂದಿನ ತಿರುವಿನಲ್ಲಿ ಚೀಲ ಹೊತ್ತ ಹೆಂಗಸೊಬ್ಬಳು ಲಾರಿ ಕಂಡು ಓಟ ಕಿತ್ತಳು. ಅತ್ತೆ ಅರ್ಧ ಮೈ ಹೊರಗೆ ಹಾಕಿ ಊರಿಗೆಲ್ಲ ಕೇಳುವಂತೆ ಕೂಗಿದಳು:

"ಓಡಬೇಡ್ವೇ, ನಿಂತ್ಕೋ! ಒಳಗೆ ನಾನಿದೀನಿ!"