ಶಾಲೆಯವರು ಅಂಟಿಸಿದ ಮರಣಪತ್ರ

ಸ್ತೊಯ್ನಾ ಶಾಲೆಯ ಬಾಗಿಲಿಗೆ ಅಂಟಿಸಿದ್ದ, ಸಾವಿನ ಸುದ್ದಿ ಸಾರುವ ಮರಣಪತ್ರವನ್ನು ಉಗುರಿನಿಂದ ಕೆರೆದು ಕಿತ್ತಳು. ಗೋಂದು ಇನ್ನೂ ಹಸಿಯಾಗಿತ್ತು. ಕಾಗದ ಬೆರಳಿಗೆ ಮೆತ್ತಿಕೊಂಡಿತು. ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ‘ಗೆರ್ಗಿನಾ ತ್ಸೋಲೋವಾ, ಕ್ಲೋರ್ಕಾ’ ಎಂದಿತ್ತು. ಅದರ ಕೆಳಗೆ, ‘ಪ್ರೀತಿಯಿಂದ, ಶಾಲೆಯ ಕುಟುಂಬ’.

ಪ್ರೀತಿಯಂತೆ! ಇಪ್ಪತ್ತು ವರ್ಷ ಆ ಶಾಲೆಯ ಅಡುಗೆಮನೆಯಲ್ಲಿ ಬೆಂದ ಸ್ತೊಯ್ನಾಗೆ ಹಳಸಿದ ಸಾರಿನ ಮುಚ್ಚಳ ತೆಗೆದ ಹಾಗಾಯಿತು.

“ಏನಮ್ಮಾ ಮಾಡ್ತಿದ್ದೀಯ?” ಮುಖ್ಯೋಪಾಧ್ಯಾಯಿನಿ ಪೋಪ್ಚೇವಾ ಕಪ್ಪು ಕೈಗವಸು ಎಳೆದುಕೊಳ್ಳುತ್ತ ಹೊರಗೆ ಬಂದಳು.

“ಹೊಲಸು ತೆಗೀತಿದ್ದೀನಿ ಮೇಡಂ. ತೆಗಿಯೋಳು ಸತ್ತಳಲ್ಲ, ಇನ್ಯಾರು ತೆಗೀಬೇಕು?”

“ಊರಲ್ಲಿ ಎಲ್ಲರ ಪತ್ರದಲ್ಲೂ ಅಡ್ಡಹೆಸರು ಹಾಕ್ತಾರೆ. ಬರೀ ತ್ಸೋಲೋವಾ ಅಂದಿದ್ರೆ ಸತ್ತಿದ್ದು ಯಾರು ಅಂತ ಒಬ್ರಿಗೂ ತಿಳೀತಿರ್ಲಿಲ್ಲ.”

ಅದು ನಿಜವೇ ಆಗಿತ್ತು. ಅದಕ್ಕೇ ಸ್ತೊಯ್ನಾಗೆ ಇನ್ನಷ್ಟು ಅಸಹ್ಯವಾಯಿತು.

“ಕುಂಟ ಮಾರಿನ್ ತಾನೇ ತನ್ನನ್ನ ಕುಂಟ ಅಂದ್ಕೋತಾನೆ, ನಗ್ತಾನೆ. ಗೆರ್ಗಿನಾ ಯಾವತ್ತಾದ್ರೂ ನಕ್ಕಿದ್ಳಾ? ಹನ್ನೆರಡರ ಬಸ್ಸಿಗೆ ಅವಳ ತಂಗಿ ರಾಯ್ನಾ ಬರ್ತಾಳೆ. ಮಕ್ಕಳು ಅಕ್ಕನ್ನ ತಲೆ ಮೇಲೆ ಹೊತ್ಕೊಂಡಿದ್ರು ಅಂತ ನಂಬಿದಾಳೆ ಆ ಹೆಂಗಸು. ಎಲ್ಲೆಲ್ಲಿ ಅಂಟಿಸಿದ್ದೀರಿ, ಹೇಳಿ.”

“ಬೇಕರಿ, ಚರ್ಚು, ಔಷಧಿ ಅಂಗಡಿ... ಬಸ್ ನಿಲ್ದಾಣ. ಮಕ್ಕಳ ತಮಾಷೆನ ಇಷ್ಟು ದೊಡ್ಡದು ಮಾಡ್ಬಾರ್ದು ಸ್ತೊಯ್ನಾ.”

ಸ್ತೊಯ್ನಾ ಕಾಗದವನ್ನು ಉಂಡೆ ಕಟ್ಟಿ, ಪೋಪ್ಚೇವಾಳ ಕೈಗವಸಿನ ಅಂಗೈಯಲ್ಲೇ ಇಟ್ಟು ಹೊರಟಳು.

*

ಆರು ವರ್ಷದ ಹಿಂದೆ ಯಾವುದೋ ಮಗು ಪಡಸಾಲೆಯಲ್ಲಿ ವಾಂತಿ ಮಾಡಿಕೊಂಡಿತ್ತು. ಶಾಲೆ ಗುಡಿಸಿ ತೊಳೆಯುವ ಗೆರ್ಗಿನಾ ಮಂಡಿಯೂರಿ ಕ್ಲೋರಿನ್ ನೀರಿನಲ್ಲಿ ಉಜ್ಜುತ್ತಿದ್ದಳು. ಒಬ್ಬ ಹುಡುಗ ಮೂಗು ಹಿಡಿದು, “ಓಡ್ರೋ, ಕ್ಲೋರ್ಕಾ ಬಂದ್ಳು!” ಅಂದ. ಗಣಿತದ ಮೇಷ್ಟ್ರು ಗಹಗಹಿಸಿ ನಕ್ಕರು. ಆ ನಗು ಒಂದಿಲ್ಲದಿದ್ದರೆ ಹೆಸರು ಸಂಜೆಗೇ ಸಾಯುತ್ತಿತ್ತು.

ಮರುದಿನ ಅಡುಗೆಮನೆಯಿಂದ ಸ್ತೊಯ್ನಾಳೇ ಕೂಗಿದಳು: “ಬಾರೇ ಕ್ಲೋರ್ಕಾ, ಸಾರು ಆರ್ತಿದೆ!”

ಗೆರ್ಗಿನಾ ಬಂದು ಕೂತಳು. ಚಮಚ ಹಿಡಿದಳು, ಅದ್ದಲಿಲ್ಲ.

“ನೀನೂನಾ?” ಅಂದಳು.

*

ಬೇಕರಿ, ಚರ್ಚು, ಔಷಧಿ ಅಂಗಡಿಯ ಪತ್ರಗಳನ್ನು ಕಿತ್ತು ಸ್ತೊಯ್ನಾ ಓಡಿ ಬಂದಳು. ಬಸ್ ನಿಲ್ದಾಣದ ಪತ್ರ ಮಾತ್ರ ಪುರಸಭೆಯವರ ಗಾಜಿನ ಪೆಟ್ಟಿಗೆಯೊಳಗಿತ್ತು, ಬೀಗ ಬಿದ್ದಿತ್ತು. ಮುಂದೆ ಹತ್ತನೇ ತರಗತಿಯ ಬಿಲ್ಯಾನಾ ಮತ್ತು ಇಬ್ಬರು ಹುಡುಗರು ಹೂ ಹಿಡಿದು ನಿಂತಿದ್ದರು. ಹುಡುಗರು ಪತ್ರ ಓದಿ ಓದಿ ಹಲ್ಲು ಕಿಸಿಯುತ್ತಿದ್ದರು.

“ಕ್ಲೋರ್ಕಾ ಈಗ ಸ್ವರ್ಗದ ಕಕ್ಕಸು ತೊಳೀತಿರ್ತಾಳೆ ಕಣೋ.”

“ನಗ್ರಿ,” ಅಂದಳು ಸ್ತೊಯ್ನಾ, ಏದುಸಿರು ಬಿಡುತ್ತ. “ನಾನೂ ಹಾಗೇ ಕರೆದೆ. ಅವತ್ತಿಂದ ಅವಳು ಊಟಕ್ಕೆ ಕೂರೋ ಮುಂಚೆ ಕೈಗೆ ನಿಂಬೆ ಸಿಪ್ಪೆ ಉಜ್ಕೊಳೋಳು. ಚರ್ಮ ಒಡೆದು ರಕ್ತ ಬಂದ್ರೂ ಉಜ್ಕೊಳೋಳು. ಸಿಪ್ಪೆ ಎತ್ತಿಡ್ತಿದ್ದೋಳು ನಾನೇ. ತಪ್ಪಾಯ್ತು ಅನ್ನೋ ಒಂದು ಮಾತು ಆರು ವರ್ಷ ನನ್ನ ಬಾಯಲ್ಲಿ ಬರ್ಲಿಲ್ಲ. ಥೂ, ನನ್ನ ಬಾಯಿಗಿಷ್ಟು!”

ಹುಡುಗರ ನಗು ನಿಂತಿತು. ಬಸ್ಸು ತಿರುವಿನಲ್ಲಿ ಕಾಣಿಸಿತು. ಸ್ತೊಯ್ನಾ ಬೀಗವನ್ನು ಹಿಡಿದು ಜಗ್ಗಿದಳು, ಅಲುಗಲಿಲ್ಲ.

“ಪಕ್ಕಕ್ಕೆ ಸರೀರಿ ಅತ್ತೆ,” ಅಂದಳು ಬಿಲ್ಯಾನಾ. ಕೋಟಿನ ಗುಂಡಿ ಬಿಚ್ಚಿ ಅಗಲ ಮಾಡಿ, ಪತ್ರ ಮರೆಯಾಗುವಂತೆ ಗಾಜಿಗೆ ಬೆನ್ನು ಕೊಟ್ಟು ನಿಂತಳು.

ರಾಯ್ನಾ, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯ ಪಾತ್ರೆಯನ್ನು ಎದೆಗವಚಿಕೊಂಡು ಇಳಿದಳು. ಹೂ ಹಿಡಿದ ಮಕ್ಕಳನ್ನು ಕಂಡು ಅವಳ ಮುಖ ಅರಳಿತು.

“ಅಕ್ಕನ ಶಾಲೆ ಮಕ್ಕಳಾ? ಏನಂತ ಕರೀತಿದ್ರಿ ಅವಳನ್ನ?”

ಒಬ್ಬ ಹುಡುಗ ತನ್ನ ಬೂಟು ನೋಡಿಕೊಂಡ.

“ಗೆರ್ಗಿನಾ ಅತ್ತೆ ಅಂತ,” ಅಂದಳು ಬಿಲ್ಯಾನಾ. ಆ ಹೆಸರು ಅವಳ ಬಾಯಲ್ಲಿ ಅದೇ ಮೊದಲ ಸಲ ಬಂದದ್ದು.

“ಬಾ ಮಗು, ಜೊತೇಲೇ ನಡೆಯೋಣ,” ಅಂದಳು ರಾಯ್ನಾ.

“ನೀವು ಹೋಗಿರಿ. ಬರ್ತೀನಿ.”

ಬೀದಿಯ ತುದಿಯಲ್ಲಿ ಕಾದಿದ್ದ ಶವದ ಗಾಡಿ ನಿಧಾನವಾಗಿ ಮುಂದೆ ಬಂತು. ಸ್ತೊಯ್ನಾ ರಾಯ್ನಾಳ ತೋಳು ಹಿಡಿದು ಅದರ ಹಿಂದೆ ಹೆಜ್ಜೆ ಹಾಕಿದಳು. ಗಂಡಸರು ಟೋಪಿ ತೆಗೆದರು, ಹೆಂಗಸರು ಅಂಗಡಿಯ ಮೆಟ್ಟಿಲಿಳಿದು ತಲೆ ಬಾಗಿಸಿದರು.

“ಹೇಗೆ ಬೆಳೆಸಿದ್ದಾರೋ!” ಗಾಡಿಯ ಹಿಂದೆ ಬರುತ್ತಿದ್ದವರಲ್ಲಿ ಪೋಪ್ಚೇವಾ ಗೊಣಗಿದಳು. “ಹೆಣ ಹೋಗ್ತಿದ್ರೂ ಒರಗ್ಕೊಂಡು ನಿಂತಿದೆ ಹುಡುಗಿ, ಕೊಬ್ಬು ನೋಡು!”

ಸ್ತೊಯ್ನಾ ತಿರುಗಿ ನೋಡಿದಳು. ಬಿಲ್ಯಾನಾ ಕೆಂಪಾದ ಮುಖವನ್ನು ಎತ್ತಿಕೊಂಡೇ ನಿಂತಿದ್ದಳು, ಹಿಮ್ಮಡಿ ನೆಲಕ್ಕೊತ್ತಿ, ಬೆನ್ನು ಗಾಜಿಗೊತ್ತಿ. ಮಾತಾಡದೆ ಇಬ್ಬರು ಹುಡುಗರೂ ಬಂದು ಅವಳ ಎರಡೂ ಪಕ್ಕದಲ್ಲಿ ಗಾಜಿಗೆ ಒರಗಿದರು.