ಎಡಗಿವಿಯ ಹತ್ತಿ

ಮೂರನೆಯ ಸಲವೂ ಅಕ್ಕ ತಪ್ಪಿದಳು.

ಸ್ಪೀಕರಿನಿಂದ ಪಿಯಾನೊ ನಿಧಾನವಾಗಿ ಇಳಿದು ಬಂತು, ಒಂದು ಕಡೆ ನಿಂತಿತು. ಆ ನಿಲುಗಡೆ ಮುಗಿಯುವ ಹೊತ್ತಿಗೆ ಸರಿಯಾಗಿ ಅವಳ ಡಬಲ್ ಬಾಸಿನ ಮೊದಲ ಸ್ವರ ಬೀಳಬೇಕಿತ್ತು. ಬೀಳಲಿಲ್ಲ. ಪಿಯಾನೊ ಅವಳನ್ನು ಬಿಟ್ಟು ಮುಂದೆ ಹೋಯಿತು. ಹೊರಟ ಬಸ್ಸಿನ ಹಿಂದೆ ಓಡುವವಳ ಹಾಗೆ ಅವಳು ಆ ಆಳೆತ್ತರದ ವಾದ್ಯದ ತಂತಿಯನ್ನು ಎರಡು ಸಲ ಮೀಟಿ, ತಾನೇ ನಾಚಿ ಕೈ ಬಿಟ್ಟಳು.

"ನಿಲ್ಸಿ, ನಿಲ್ಸಿ!" ಎಂದು ಕೆಳಗೆ ಖಾಲಿ ಕುರ್ಚಿಗಳ ನಡುವಿನಿಂದ ಅವಳ ಗಂಡನ ತಂಗಿಯ ಮಗ ಚಪ್ಪಾಳೆ ತಟ್ಟಿದ. ಆಲ್ಬಮ್ಮಿನ ನಿರ್ಮಾಪಕ ಅವನೇ. "ಅತ್ತೆ, ಎಣಿಸ್ಕೊಳ್ಳಿ. ರೆಕಾರ್ಡ್ ಆಗಿರೋದಲ್ವಾ? ಪ್ರತಿ ಸಲಾನೂ ಅಷ್ಟೇ ಹೊತ್ತು ನಿಲ್ಲುತ್ತೆ."

"ನಿನ್ನ ಮಾವ ಯಾವತ್ತೂ ಅಷ್ಟೇ ಹೊತ್ತು ನಿಂತವನಲ್ಲ."

"ಈಗ ನಿಲ್ತಾರಲ್ಲ!" ಎಂದು ಅವನು ನಕ್ಕ. ನಕ್ಕ ಮೇಲೆ ತಾನು ಹೇಳಿದ್ದೇನೆಂದು ಹೊಳೆದು, ತಲೆ ತಗ್ಗಿಸಿ ಫೋನು ನೋಡತೊಡಗಿದ.

ಜಾಝ್ ನುಡಿಸುವವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು; ಜಗಳದ ಭರದಲ್ಲಿ ಒಮ್ಮೊಮ್ಮೆ ಗಂಡನೂ. ಗಂಡನಿಗೆ ದುಂಬಿ ಎಂದು ಹೆಸರು ಬಿದ್ದದ್ದು ಪಿಯಾನೊ ನುಡಿಸುವಾಗ ಅವನು ಬಾಯಿ ಮುಚ್ಚಿಕೊಂಡೇ ಗುಂಯ್ ಎನ್ನುತ್ತಿದ್ದುದರಿಂದ. ಸ್ವರಕ್ಕೆ ಹತ್ತಿರವೂ ಸುಳಿಯದ, ಕುಕ್ಕರು ಕೂಗಲೋ ಬೇಡವೋ ಎಂದು ಯೋಚಿಸುವಂಥ ಸದ್ದು. ಮದುವೆಯಾದ ಹೊಸತರಲ್ಲಿ ಅಕ್ಕ, "ನೀನು ನುಡಿಸು ಸಾಕು, ಹಾಡೋಕೆ ಬೇರೆಯವರಿದ್ದಾರೆ" ಎಂದು ಗದರಿಸಿದ್ದೂ ಉಂಟು. ಆದರೆ ಬೆರಳು ಎಲ್ಲಿಗೆ ಹೋಗಬೇಕೆಂದಿದೆಯೋ ಅಲ್ಲಿಗೆ ಆ ಗುಂಯ್ ಒಂದು ಉಸಿರು ಮೊದಲೇ ಹೋಗಿ ಕೂತಿರುತ್ತದೆ ಎಂಬುದು ಅವಳಿಗೆ ಬೇಗ ಗೊತ್ತಾಯಿತು. ಅಂದಿನಿಂದ ಅವನ ಕೈ ನೋಡುವುದನ್ನೇ ಬಿಟ್ಟಳು. ಗೋಡೆಗೆ ಮುಖ ಮಾಡಿ ನಿಂತರೂ ಅವಳ ಸ್ವರ ಅವನ ಸ್ವರದ ಪಕ್ಕಕ್ಕೇ ಬೀಳುತ್ತಿತ್ತು.

ಹೋದ ವರ್ಷ ದುಂಬಿ ತೀರಿಕೊಂಡ. ಅವನ ಕೊನೆಯ ರೆಕಾರ್ಡಿಂಗನ್ನು ಸೋದರಳಿಯ ಯಾವುದೋ ಯಂತ್ರಕ್ಕೆ ಹಾಕಿ, ಗುಂಯ್ ಎಂಬುದರ ಸುಳಿವೂ ಉಳಿಯದಂತೆ ತೊಳೆದು, ‘ತಿಳಿನೀರು’ ಎಂದು ಹೆಸರಿಟ್ಟು ಬಿಡುಗಡೆ ಮಾಡಿದ. ಅದಕ್ಕೆ ವರ್ಷದ ಅತ್ಯುತ್ತಮ ಆಲ್ಬಮ್ ಪ್ರಶಸ್ತಿ ಬಂತು. ಅಕ್ಕನಿಗೂ ಒಂದು ಪ್ರಶಸ್ತಿ ಅಂಟಿಕೊಂಡಿತು. ‘ಪಿಯಾನೊ ಮುಂದೆ ಏನು ನುಡಿಯುತ್ತದೆಂದು ಈಕೆಗೆ ಹೇಗೆ ತಿಳಿಯುತ್ತದೆಂಬುದೇ ಒಂದು ವಿಸ್ಮಯ’ ಎಂದು ತೀರ್ಪುಗಾರರು ಬರೆದಿದ್ದರು. ಮೂಗು ಕೊಯ್ದು, ಮುಖ ಎಷ್ಟು ಸಪಾಟಾಗಿದೆ ಎಂದು ಹೊಗಳಿದ ಹಾಗಾಯಿತು.

ಆದರೂ ಅವಳು ಬಂದಿದ್ದಳು. ಇವರ ಪ್ರಶಸ್ತಿಯನ್ನು ಬಾಗಿಲು ಮುಚ್ಚದಂತೆ ಅಡ್ಡ ಇಡಲೂ ಅವಳಿಗೆ ಮನಸ್ಸಿರಲಿಲ್ಲ. ಸಮಾರಂಭದಲ್ಲಿ ದುಂಬಿಯ ಪಿಯಾನೊ ಸ್ಪೀಕರಿನಲ್ಲಿ ಬರುತ್ತದೆ, ಅದರ ಜೊತೆ ನೀವು ನುಡಿಸಬೇಕು ಎಂದಿದ್ದರು. ಇನ್ನೊಂದು ಸಲ ಅವನ ಜೊತೆ ನುಡಿಸಬಹುದಲ್ಲ ಎಂಬ ಒಂದೇ ಆಸೆ ಅವಳನ್ನು ಅಷ್ಟು ದೊಡ್ಡ ವಾದ್ಯದೊಂದಿಗೆ ಇಲ್ಲಿಯವರೆಗೆ ಎಳೆದು ತಂದಿತ್ತು.

"ಒಂದು ಕೆಲಸ ಮಾಡೋಣ ಅತ್ತೆ," ಎಂದ ಸೋದರಳಿಯ, ವೇದಿಕೆಯ ಅಂಚಿಗೆ ಬಂದು. "ನಿಮ್ಮ ಬಾಸೂ ರೆಕಾರ್ಡಲ್ಲಿ ಇದೆಯಲ್ಲ, ಅದನ್ನೂ ಸೇರಿಸಿ ಹಾಕಿಬಿಡ್ತೀವಿ. ನೀವು ಸುಮ್ನೆ ಕೈ ಆಡಿಸಿ. ಯಾರಿಗೂ ಗೊತ್ತಾಗಲ್ಲ."

"ಅದಂತೂ ನಿಜ. ಇಲ್ಲಿಗೆ ಬರೋರನ್ನ ನೋಡಿದೀನಿ."

"ಮತ್ತೇನು ತೊಂದರೆ?"

"ಸತ್ತಿರೋದು ಅವನು. ನಾನಲ್ಲ."

ಅವನು ನಿಟ್ಟುಸಿರು ಬಿಟ್ಟ. "ಸರಿ, ನುಡಿಸಿ. ಆದ್ರೆ ಸೌಂಡಿನವರಿಗೆ ಎರಡನ್ನೂ ರೆಡಿ ಇಟ್ಕೊಳ್ಳೋಕೆ ಹೇಳಿರ್ತೀನಿ. ನೀವು ಆ ಜಾಗದಲ್ಲಿ ತಪ್ಪಿದ ಕೂಡಲೇ ರೆಕಾರ್ಡಿನ ಬಾಸ್ ಬರುತ್ತೆ. ಆಮೇಲೆ ಕೈ ಆಡಿಸ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು."

ವೇದಿಕೆಯ ಹಿಂದಿನ ಓಣಿಯಲ್ಲಿ ಅವರ ತಂಡದ ಡ್ರಮ್ಮಿನವನು ಎರಡು ಲೋಟ ಚಹ ಹಿಡಿದು ನಿಂತಿದ್ದ. ಅವನಿಗೆ ತಗಡು ಎಂದು ಹೆಸರಿಟ್ಟವಳು ಅಕ್ಕನೇ. ಆಲಿಕಲ್ಲು ಬಿದ್ದಾಗ ತಗಡಿನ ಸೂರು ಇವನಿಗಿಂತ ಚೆನ್ನಾಗಿ ತಾಳ ಹಾಕುತ್ತದೆ ಎಂಬುದು ಅವಳ ಅಭಿಪ್ರಾಯ. ಬೆಳಿಗ್ಗೆ ಅವಳ ಬಾಸನ್ನು ಮೆಟ್ಟಿಲ ಮೇಲೆ ಹೊತ್ತು ತಂದವನೂ ಅವನೇ, ದಾರಿಯುದ್ದಕ್ಕೂ ಬೈಯುತ್ತ.

"ಆ ಗುಂಯ್ ತೆಗೆದಿದ್ದು ಒಳ್ಳೇದೇ ಆಯ್ತು ಬಿಡಕ್ಕ," ಎಂದು ಲೋಟ ಚಾಚಿದ. "ಆಯುಸ್ಸೆಲ್ಲ ಕಿವಿಗೆ ಹತ್ತಿ ತುರುಕಿಕೊಂಡೇ ಕಳೆದೆ."

"ಈಗ್ಯಾಕೆ ತುರುಕಿದೀಯ? ಅವನೇ ಇಲ್ಲ."

ತಗಡು ಎಡಗಿವಿ ಮುಟ್ಟಿಕೊಂಡ. ಪಿಯಾನೊ ಯಾವಾಗಲೂ ಇರುತ್ತಿದ್ದ ಕಡೆ. ಬಿಳಿ ಹತ್ತಿ ಅಲ್ಲಿತ್ತು. "ಅಭ್ಯಾಸ," ಎಂದ.

"ಕೇಳಿದ್ಯಾ, ಅವನ ತಿಳಿನೀರು? ನಾನು ಒಂದು ಹಾಡೂ ಪೂರ್ತಿ ಕೇಳೋಕಾಗದೆ ಆರಿಸಿಬಿಟ್ಟೆ."

"ಗಡ್ಡ ಹೆರೆಯೋವಾಗ ದಿನಾ ಹಾಕ್ತೀನಿ. ಮೊನ್ನೆ ನನ್ನ ಹೆಂಡ್ತಿ ಬಚ್ಚಲ ಬಾಗಿಲು ಬಡಿದ್ಲು. ಅದೇನ್ರೀ ಗುಂಯ್ ಅಂತಿದೀರ, ಹಲ್ಲುನೋವಾ ಅಂತ. ನೋಡಿದ್ರೆ ನಾನೇ!" ಅವನು ನೆಲ ನೋಡಿದ. "ಅಲ್ಲಲ್ಲಿ ಖಾಲಿ ಬಿಟ್ಟಿದಾರಲ್ಲ. ಬಾಯಿ ಸುಮ್ನಿರಲ್ಲ."

"ನಿಂದು ಯಾವತ್ತು ಸುಮ್ನಿತ್ತು?" ಎಂದು ಅಕ್ಕ ಚಹ ಕುಡಿದಳು. ಸಕ್ಕರೆ ಇರಲಿಲ್ಲ, ಅವಳಿಗೆ ಸಕ್ಕರೆ ಆಗದೆಂಬುದು ಈ ಕಟ್ಟಡದಲ್ಲಿ ಅವನೊಬ್ಬನಿಗೇ ಗೊತ್ತಿದ್ದದ್ದು.

ಸಂಜೆ ಸಭಾಂಗಣ ತುಂಬಿತು. ತೀರ್ಪುಗಾರರ ಹಿರಿಯ, ಇನ್ನೂ ಬಾಯಿಯಲ್ಲಿದ್ದ ಬಾದಾಮಿಯನ್ನು ನಾಲಿಗೆಯಿಂದ ಹುಡುಕುತ್ತ, ಬ್ಲೂಸ್ ಎಂದರೆ ಹಸಿದವರ ಅಳು ಎಂದು ವಿವರಿಸಿದ. ಕಪ್ಪು ಕನ್ನಡಕದ ಸ್ಯಾಕ್ಸೊಫೋನಿನವನು ಈ ವರ್ಷವೂ ಗೆದ್ದ. ಅವನ ಬಳಿ ಈಗ ಮೂರು ಪ್ರಶಸ್ತಿ, ಎರಡು ಟ್ಯೂನು. ವೇದಿಕೆ ಹತ್ತಿದವರೆಲ್ಲ ತಮ್ಮ ಹೊಸ ಆಲ್ಬಮ್ ಸದ್ಯದಲ್ಲೇ ಬರುತ್ತದೆ ಎಂದರು, ಎಚ್ಚರಿಕೆ ಕೊಡುವವರ ಹಾಗೆ. ಮಿಂಚುವ ಉಡುಪಿನ ಬ್ಲೂಸ್ ಗಾಯಕಿಯೊಬ್ಬಳು ಕೇಶ ವಿನ್ಯಾಸ ಮಾಡಿದವಳಿಗೂ ನಾಯಿಗೂ ಧನ್ಯವಾದ ಹೇಳಿ ಅತ್ತಳು. ನಾಯಿಯಾದರೂ ಇವಳ ಹಾಡು ಕೇಳಿಸಿಕೊಂಡಿದೆ, ಪಾಪ, ಎಂದುಕೊಂಡಳು ಅಕ್ಕ.

ಅವಳ ಸರದಿ ಬಂತು. ಹಿರಿಯ ವಿಸ್ಮಯದ ವಾಕ್ಯವನ್ನು ಮತ್ತೆ ಓದಿ, ಮಖಮಲ್ಲು ಹೊದಿಸಿದ ಪೆಟ್ಟಿಗೆಯನ್ನು ಕೊಟ್ಟ. ಅಕ್ಕ ಅದನ್ನು ಹಿಡಿದು ನೇರವಾಗಿ ಬಾಸಿನ ಬಳಿ ಹೋದಳು. ನೆಲ ಕನ್ನಡಿಯ ಹಾಗೆ ನುಣುಪಾಗಿತ್ತು. ಬಾಸನ್ನು ನೆಲಕ್ಕೆ ಊರುವ ಬುಡದ ಮೊಳೆ ಜಾರಿತು, ಸರಿಮಾಡಿದರೆ ಮತ್ತೆ ಜಾರಿತು. ಅವಳು ಪೆಟ್ಟಿಗೆ ತೆರೆದು ಒಳಗಿನ ಗಾಜಿನ ಗೊಂಬೆಯನ್ನು ತೆಗೆದು ಪಕ್ಕಕ್ಕಿಟ್ಟಳು, ಖಾಲಿ ಪೆಟ್ಟಿಗೆಯನ್ನು ನೆಲಕ್ಕೆ ಹಾಕಿ, ಮಖಮಲ್ಲಿನ ನಡುವೆ ಮೊಳೆಯನ್ನು ಊರಿದಳು.

ಸಭೆಯಲ್ಲಿ ಯಾರೋ ‘ಅಯ್ಯೋ’ ಎಂದರು. ಪೆಟ್ಟಿಗೆಯೂ ಜಾರತೊಡಗಿತು. ಅಷ್ಟರಲ್ಲಿ ಆ ಮಿಂಚುವ ಉಡುಪಿನ ಗಾಯಕಿ ಬದಿಯಿಂದ ಬಂದು ಮಂಡಿಯೂರಿ ಕೂತು, ತನ್ನ ಕರವಸ್ತ್ರವನ್ನು ಬಾಟಲಿಯ ನೀರಿನಲ್ಲಿ ಒದ್ದೆಮಾಡಿ ಪೆಟ್ಟಿಗೆಯ ಅಡಿಗೆ ತಳ್ಳಿದಳು. "ಈಗ ಜಾರಲ್ಲ, ಅಕ್ಕ," ಎಂದು ಪಿಸುಗುಟ್ಟಿ ಬದಿಗೆ ಹೋದಳು. ನಾಯಿಯ ಬಗ್ಗೆ ಅಂದುಕೊಂಡದ್ದನ್ನು ಅಕ್ಕ ಮನಸ್ಸಿನಲ್ಲೇ ವಾಪಸು ತೆಗೆದುಕೊಂಡಳು.

ದೀಪಗಳು ಮಂದವಾದವು. ಪಿಯಾನೊ ಶುರುವಾಯಿತು.

ತೊಳೆದ ಪಾತ್ರೆಯಂಥ ಸದ್ದು. ಬೆರಳುಗಳಿವೆ, ಮನುಷ್ಯನಿಲ್ಲ. ಅದು ಇಳಿಯುತ್ತ ಆ ಜಾಗಕ್ಕೆ ಬರುತ್ತಿತ್ತು. ಬದಿಯಲ್ಲಿ ಸೋದರಳಿಯ ಸೌಂಡಿನವನ ಕಡೆ ಕೈಯೆತ್ತಿ ನಿಂತಿದ್ದು ಅವಳಿಗೆ ಕಾಣಿಸಿತು. ಇನ್ನೇನು, ಆ ಕೈ ಇಳಿದರೆ ಅವಳದೇ ಬಾಸು ಅವಳ ಬೆನ್ನ ಹಿಂದಿನಿಂದ ಬರುತ್ತದೆ. ಪಿಯಾನೊ ನಿಂತಿತು. ಅಕ್ಕ ಎಣಿಸಲು ನೋಡಿದಳು. ಒಂದಾದ ಮೇಲೆ ಎರಡು ಎಷ್ಟು ದೂರವಿದೆಯೆಂದೇ ಗೊತ್ತಾಗಲಿಲ್ಲ.

ಆಗ ಎಡಗಡೆಯಿಂದ ಗುಂಯ್ ಎಂದಿತು.

ಒರಟು ಸದ್ದು, ಅಪಸ್ವರ, ದುಂಬಿಯದಕ್ಕಿಂತಲೂ ಅಪಸ್ವರ. ಆದರೆ ಅದೇ ದಾರಿಯಲ್ಲಿ ಮೇಲೇರಿ, ಅದೇ ತಿರುವಿನಲ್ಲಿ ಬಾಗಿ, ಬೆರಳಿಗಿಂತ ಒಂದು ಉಸಿರು ಮುಂದೆ ಹೋಗಿ ಕೂತಿತು. ಡ್ರಮ್ಮಿನ ಹಿಂದೆ ತಗಡು ಕಣ್ಣು ಮುಚ್ಚಿಕೊಂಡಿದ್ದ. ಕೋಲುಗಳು ತೊಡೆಯ ಮೇಲಿದ್ದವು, ಬಾಯಿ ಬಿಗಿದಿತ್ತು, ದವಡೆ ಅದುರುತ್ತಿತ್ತು.

ಸೋದರಳಿಯ ಎತ್ತಿದ ಕೈಯನ್ನು ಜೋರಾಗಿ ಅಲ್ಲಾಡಿಸುತ್ತ, ಡ್ರಮ್ಮಿನ ಮೈಕು ಆರಿಸಿ, ಆ ಮೈಕು, ಎಂದು ಸನ್ನೆ ಮಾಡುತ್ತಿದ್ದ. ಅಕ್ಕ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ತಗಡು ಎಡಗಿವಿಯಿಂದ ಹತ್ತಿಯನ್ನು ತೆಗೆದು ಡ್ರಮ್ಮಿನ ಚರ್ಮದ ಮೇಲಿಟ್ಟ. ನಿಲುಗಡೆ ಮುಗಿಯುವ ಹೊತ್ತಿಗೆ ಸರಿಯಾಗಿ ಅಕ್ಕನ ಬೆರಳು ತಂತಿಯ ಮೇಲೆ ಬಿತ್ತು. ಯಾರೂ ಬಾರಿಸದ ಡ್ರಮ್ಮಿನ ಮೇಲೆ, ಬಾಸಿನ ಸ್ವರಕ್ಕೆ, ಆ ಹತ್ತಿಯ ಉಂಡೆ ಸಣ್ಣಗೆ ನಡುಗಿತು, ಕೊಂಚ ಸರಿಯಿತು, ಮತ್ತೆ ನಡುಗಿತು.